ಹಳೆಯ ಕಾರಿನ ಒಡಲಿಗೆ ಆನಿಕೆ

ನಾಲ್ಕು ರಟ್ಟಿನ ಪಟ್ಟಿಗಳ ತುದಿಗಳನ್ನು ಒಂದೊಂದೇ ಗುಂಡುಸೂಜಿಯಿಂದ ಜೋಡಿಸಿ ಚೌಕವನ್ನು ಮಾಡಿರಿ. ಮೂಲೆಯನ್ನು ಒತ್ತಿದೊಡನೆ ಅದು ಓರೆಯಾಗುವುದು. ಕರ್ಣವಾಗಿ ಐದನೆಯ ಪಟ್ಟಿಯನ್ನು ಸೇರಿಸಿದರೆ ಅಲುಗದು. ಭುಜಗಳ ಉದ್ದವು ಬದಲಾಗದೆ ತ್ರಿಭುಜದ ಆಕಾರವು ಬದಲಾಗಲಾರದು.

ಹಳೆಯ ಕಾರಿನ, ಅದರಲ್ಲಿಯೂ ಮೇಲ್ಛಾವಣಿಯಿಲ್ಲದ ಕಾರಿನ, ಒಡಲು ಹೊಂಡಗಳಲ್ಲಿ ತಿರುಚಿಕೊಳ್ಳುವುದನ್ನು ಹವ್ಯಾಸಿಗಳು ತಗ್ಗಿಸುವುದು ಈ ತತ್ತ್ವದಿಂದಲೇ: ತಳದ ತೆರವುಗಳಿಗೆ ಉಕ್ಕಿನ ಕೊಳವೆಗಳನ್ನು ಕತ್ತರಿಯಾಕಾರದಲ್ಲಿ ಬಿಗಿಯುವರು. ಕೊಳವೆಯು ನೇರವಾಗಿರಬೇಕು; ಬಾಗಿದ್ದರೆ ಎಳೆತಕ್ಕೆ ಮಣಿಯುವುದು.

ಆದರೆ ಮೊದಲು ತುಕ್ಕನ್ನು ಪರೀಕ್ಷಿಸಬೇಕು. ಬಾಗಿಲ ಕೆಳಗಿನ ತೊಲೆಯು ಮುಚ್ಚಿದ ಕೊಳವೆಯಂತಿರುವುದು. ಸರಾಸರಿ 20 ಮಿಲಿಮೀಟರ್ ತ್ರಿಜ್ಯವೂ 2 ಮಿಲಿಮೀಟರ್ ದಪ್ಪವೂ ಉಳ್ಳ ಕೊಳವೆಯನ್ನು ಉದ್ದಕ್ಕೂ ಸೀಳಿದರೆ, ತಿರುಚನ್ನು ತಡೆಯುವ ಬಿಗಿತವು ಸುಮಾರು 300ರಲ್ಲಿ ಒಂದು ಪಾಲಿಗೆ ಇಳಿಯುವುದು. ತುಕ್ಕು ಬೆಸುಗೆಯನ್ನು ತಿಂದಾಗ ಆಗುವುದೂ ಇದೇ. ಸವೆದ ತಗಡಿಗೆ ಬಿಗಿದ ಆನಿಕೆಯು, ಗೆದ್ದಲು ಹಿಡಿದ ಕಂಬಕ್ಕೆ ಕೊಟ್ಟ ಆಸರೆಯಂತೆ, ವ್ಯರ್ಥ.