ಆಹಾರದ ರಫ್ತು ನಿಯಂತ್ರಣವೂ ಸುಂಕದ ಕಟ್ಟೆಯ ಸುಧಾರಣೆಯೂ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆಯನ್ನು ಅರಿಯದವರು ನಮ್ಮಲ್ಲಿ ವಿರಳ. ಹೆಜ್ಜುಂಕ, ವಡ್ಡರಾವುಳ ಮೊದಲಾದ ಸುಂಕಗಳ ಹೆಸರುಗಳು ಕನ್ನಡ ಶಾಸನಗಳಲ್ಲಿಯೂ ಕಾಣಬರುತ್ತವೆ. ಆದರೆ ಇಂದು ಸುಂಕದ ಕಟ್ಟೆಯ ಮುಂದೆ ವರ್ತಕನೊಬ್ಬನೇ ನಿಂತಿಲ್ಲ. ಅವನ ಹಿಂದೆ ಬೆಳೆದ ರೈತನೂ, ಊರಿನ ಅಂಗಡಿಯಲ್ಲಿ ಕೊಳ್ಳುವ ಬಡವನೂ ನಿಂತಿದ್ದಾರೆ. ಈ ಇಬ್ಬರ ಹಿತವನ್ನೂ ಸರಿತೂಗಿಸುವುದು ಹೇಗೆಂಬುದೇ ಇಲ್ಲಿಯ ಪ್ರಶ್ನೆ.

ಬಡ ಕುಟುಂಬದ ಗಳಿಕೆಯ ಬಹುಭಾಗ ಊಟಕ್ಕೇ ವ್ಯಯವಾಗುತ್ತದೆ. ಆದಕಾರಣ ಬೆಲೆ ಏರಿದಾಗ ಸರ್ಕಾರವು ರಫ್ತನ್ನು ತಡೆಯುತ್ತದೆ. ಇದಕ್ಕಿರುವ ಸಾಧನಗಳು ಮುಖ್ಯವಾಗಿ ನಾಲ್ಕು: ಪೂರ್ಣ ನಿಷೇಧ, ರಫ್ತು ಸುಂಕ, ಕನಿಷ್ಠ ರಫ್ತು ಬೆಲೆ ಮತ್ತು ಪರಿಮಾಣದ ಮಿತಿ. ಭಾರತವು ಈ ನಾಲ್ಕನ್ನೂ ಪ್ರಯೋಗಿಸಿದೆ. 2022ರ ಮೇ 13ರಂದು ಗೋಧಿಯ ರಫ್ತನ್ನೂ, 2023ರ ಜುಲೈ 20ರಂದು ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನೂ ನಿಷೇಧಿಸಲಾಯಿತು. ಈರುಳ್ಳಿಗೆ 2023ರ ಆಗಸ್ಟ್‌ನಲ್ಲಿ ಶೇಕಡಾ 40 ಸುಂಕ ಬಂದಿತು. ಡಿಸೆಂಬರ್‌ನಲ್ಲಿ ನಿಷೇಧ ಬಂದಿತು. 2024ರ ಮೇ ತಿಂಗಳಲ್ಲಿ ನಿಷೇಧ ತೆರವಾದರೂ ಟನ್ನಿಗೆ 550 ಡಾಲರುಗಳ ಕನಿಷ್ಠ ಬೆಲೆಯೂ ಶೇಕಡಾ 40 ಸುಂಕವೂ ಉಳಿದವು. ಸುಂಕ ಪೂರ್ಣವಾಗಿ ರದ್ದಾದುದು 2025ರ ಏಪ್ರಿಲ್ 1ರಿಂದ.

ನಿಷೇಧದಿಂದ ಪೇಟೆಯ ಬೆಲೆ ಇಳಿಯುವುದು ನಿಜ. ಆದರೆ ಆ ಇಳಿಕೆಯ ಭಾರವನ್ನು ಹೊರುವವನು ರೈತ. ಈರುಳ್ಳಿಯಂತಹ ಬೆಳೆ ಆಜ್ಞೆ ಸಡಿಲವಾಗುವವರೆಗೆ ಕಾಯದು. ಮೊಳೆಯುತ್ತದೆ, ಇಲ್ಲವೆ ಕೊಳೆಯುತ್ತದೆ.

ಇದಕ್ಕೆ ನಮ್ಮ ನಾಡಿನ ನಿದರ್ಶನವೇ ಇದೆ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರಗಳ ರೈತರು ಬೆಳೆಯುವ ಗುಲಾಬಿ ಈರುಳ್ಳಿ ಚಿಕ್ಕದು, ಕಡುಗೆಂಪು ಬಣ್ಣದ್ದು, ಬಹಳ ಖಾರವಾದುದು. 2015ರಲ್ಲಿ ಇದಕ್ಕೆ ಭೌಗೋಳಿಕ ಸೂಚಿಯ ಮನ್ನಣೆ ದೊರೆಯಿತು. ಇದನ್ನು ಸ್ಥಳೀಯರು ಕೊಳ್ಳುವುದು ಕಡಿಮೆ. ಮಲೇಷಿಯಾ, ಸಿಂಗಪುರಗಳಂತಹ ದೇಶಗಳೇ ಇದರ ಪೇಟೆ. ಹೀಗಿರುವಾಗ ಇದರ ರಫ್ತನ್ನು ತಡೆದರೆ ಇಲ್ಲಿಯ ಬಡವನಿಗೆ ಲಾಭವೇನು? ಆದರೂ 2020ರ ಸೆಪ್ಟೆಂಬರ್ 14ರ ನಿಷೇಧದಲ್ಲಿ ಇದೂ ಸಿಕ್ಕಿಬಿದ್ದಿತು. ಅಕ್ಟೋಬರ್‌ನಲ್ಲಿ 10,000 ಟನ್ನುಗಳನ್ನು ಚೆನ್ನೈ ಬಂದರಿನ ಮೂಲಕ ಕಳುಹಿಸಲು ಅನುಮತಿ ದೊರೆಯಿತು. 2023ರಲ್ಲಿಯೂ ಮೊದಲು ಸುಂಕ, ಅನಂತರ ಸೆಪ್ಟೆಂಬರ್‌ನಲ್ಲಿ ವಿನಾಯಿತಿ. ಅದಕ್ಕೆ ಕರ್ನಾಟಕದ ತೋಟಗಾರಿಕೆ ಆಯುಕ್ತರ ಪ್ರಮಾಣಪತ್ರ ಬೇಕಾಗಿತ್ತು. ತಪ್ಪನ್ನು ಸರಿಪಡಿಸಲಾಯಿತೆಂಬುದು ದಿಟ. ಆದರೆ ಪೆಟ್ಟು ಬಿದ್ದ ಮೇಲೆ.

ಇನ್ನು ಸುಂಕದ ಕಟ್ಟೆಯ ವಿಚಾರ. 1878ರ ಸಮುದ್ರ ಸುಂಕ ಕಾಯಿದೆಯ ಸ್ಥಾನದಲ್ಲಿ 1962ರ ಕಸ್ಟಮ್ಸ್ ಕಾಯಿದೆ ಬಂದಿತು. ಷಿಪ್ಪಿಂಗ್ ಬಿಲ್ಲನ್ನು ಕೈಯಲ್ಲಿ ಹಿಡಿದು ಮೇಜಿನಿಂದ ಮೇಜಿಗೆ ಅಲೆಯುತ್ತಿದ್ದ ಕಾಲ ಹೋಗಿ, ಗಣಕಯಂತ್ರದ ಮೂಲಕ ಸಲ್ಲಿಸುವ ಪದ್ಧತಿ ಬೆಳೆಯಿತು. ಎಲ್ಲ ಸರಕನ್ನೂ ಬಿಚ್ಚಿ ನೋಡುವ ಬದಲು ಸಂಶಯಕ್ಕೆ ಆಸ್ಪದವಿರುವುದನ್ನು ಆರಿಸಿ ಪರೀಕ್ಷಿಸುವ ಕ್ರಮ 2005ರಿಂದ ಆರಂಭವಾಯಿತು. ಹಲವು ಇಲಾಖೆಗಳ ಒಪ್ಪಿಗೆಯನ್ನು ಒಂದೇ ಕಡೆ ಪಡೆಯುವ ಏಕಗವಾಕ್ಷಿ ವ್ಯವಸ್ಥೆ 2016ರಲ್ಲಿ ಆಮದಿಗೆ ಜಾರಿಯಾಯಿತು.

ಇದರಿಂದ ರೈತನಿಗೇನು? ನಿಷೇಧದ ಆಜ್ಞೆಗಳಲ್ಲಿ, ಅದಕ್ಕೆ ಮೊದಲೇ ಕಸ್ಟಮ್ಸ್ ವಶಕ್ಕೆ ಬಂದ ಸರಕಿಗೆ ವಿನಾಯಿತಿ ಕೊಡುವುದುಂಟು. ಆಗ ಸರಕು ಒಳಬಂದ ದಿನವನ್ನೂ ಗಳಿಗೆಯನ್ನೂ ದಾಖಲಿಸಿದ ಯಂತ್ರವೇ ಸಾಕ್ಷಿ. ಅಧಿಕಾರಿಯ ಮುಂದೆ ಸುಖದುಃಖ ಹೇಳಿಕೊಳ್ಳಬೇಕಾದ ಅಗತ್ಯ ಅಷ್ಟರಮಟ್ಟಿಗೆ ತಪ್ಪಿತು.

ಆದರೆ ಯಂತ್ರಕ್ಕೆ ವಿವೇಕವಿಲ್ಲ. ಒರಟು ಆಜ್ಞೆಯನ್ನು ಕೊಟ್ಟರೆ ಅದನ್ನು ಅಷ್ಟೇ ವೇಗವಾಗಿ ನಡೆಸುತ್ತದೆ. ಎಲ್ಲ ಈರುಳ್ಳಿಯೂ ಒಂದೇ ಎಂದು ಬಗೆಯದೆ ತಳಿಯಿಂದ ತಳಿಗೆ ಭೇದವನ್ನು ಗುರುತಿಸಿ, ಬಿತ್ತುವ ಮೊದಲೇ ನೀತಿಯನ್ನು ತಿಳಿಸಿ, ಸಾಧ್ಯವಾದಷ್ಟು ಪೂರ್ಣ ನಿಷೇಧದ ಬದಲು ಮಿತವಾದ ಸುಂಕವನ್ನು ಬಳಸಿದರೆ ಬಡವನ ತಟ್ಟೆಯೂ ರೈತನ ಕಣಜವೂ ಉಳಿದಾವು. ಅರ್ಥಶಾಸ್ತ್ರದ ವಿದ್ಯಾರ್ಥಿಗಳಾದ ನಾವು ಬೆಲೆಯ ರೇಖೆಯನ್ನು ಎಳೆಯುವಾಗ ಈ ಇಬ್ಬರನ್ನೂ ಮರೆಯಬಾರದು.