ಎರಡು ಟಿಕೆಟ್ ಹರೀರಿ

ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿಗೆ ಕೆಲಸಕ್ಕೆ ಓಡಾಡುವ ನಾನು ದಪ್ಪಗಿದ್ದೇನೆ ಎಂಬುದು ಬಸ್ಸಿಗೆಲ್ಲ ಗೊತ್ತು. ಮೂವರ ಸೀಟಿನ ತುದಿಗೆ ಕೂತರೆ ಕಿಟಕಿ ಕಡೆಯ ಅಜ್ಜಿ ‘ಒಂಚೂರು ಅತ್ತಾಗ ಸರಿಯವ್ವ’ ಅನ್ನುತ್ತಾಳೆ. ಹಿಂದಿನ ಸೀಟಿನ ಯಾರೋ ‘ಈ ಅಕ್ಕಾರಿಗೆ ಎರಡು ಟಿಕೆಟ್ ಹರೀರಿ’ ಎಂದು ಕಂಡಕ್ಟರಿಗೆ ಕೂಗುತ್ತಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಟಿಕೆಟ್ಟೇ ಪುಕ್ಕಟೆಯಾದರೂ ಆ ಚಟಾಕಿ ನಿಲ್ಲಲಿಲ್ಲ. ‘ಎರಡಲ್ಲ, ನಾಲ್ಕು ಹರೀಲಿ ಬಿಡಪ್ಪ’ ಎಂದು ನಾನೂ ಅಂದಿದ್ದೇನೆ. ನಗುವುದು ಬೇರೆ, ನೋವಾಗದಿರುವುದು ಬೇರೆ. ಥೈರಾಯ್ಡ್ ಗುಳಿಗೆ ನುಂಗುವವಳಿಗೆ ‘ಮಿರ್ಚಿ-ಮಂಡಕ್ಕಿ ಬಿಡು’ ಎಂದು ಹೇಳದವರೇ ಇಲ್ಲ.

ಬೆಂಗಳೂರಿನಿಂದ ದಿಲ್ಲಿಯ ಮಗಳ ಮನೆಗೆ ವಿಮಾನದಲ್ಲಿ ಹೋದಾಗ ಯಾರೂ ಏನೂ ಅನ್ನಲಿಲ್ಲ. ಪಕ್ಕದ ಹುಡುಗ ಕೈಯಾಸರೆಯನ್ನು ಟಪ್ಪನೆ ಇಳಿಸಿ ಕಿಟಕಿಯತ್ತ ಮುಖ ತಿರುಗಿಸಿದ, ಅಷ್ಟೇ. ಅದಕ್ಕಿಂತ ಆ ಅಜ್ಜಿಯ ಬೈಗುಳವೇ ವಾಸಿ. ಬೆಲ್ಟ್ ಸಾಲಲಿಲ್ಲ. ಹೊಟ್ಟೆ ಒಳಗೆಳೆದು ಉಸಿರು ಬಿಗಿ ಹಿಡಿದು ಪ್ರಯೋಜನವಿಲ್ಲ, ನನ್ನಂಥವರಿಗೆಂದೇ ಬೆಲ್ಟಿಗೆ ಸೇರಿಸುವ ತುಂಡು ಇಟ್ಟಿರುತ್ತಾರೆ, ದುಡ್ಡಿಲ್ಲ. ಹತ್ತುವಾಗ ಬಾಗಿಲಲ್ಲೇ ಮೆಲ್ಲಗೆ ಕೇಳಿದರೆ ಎಲ್ಲರೆದುರು ಕೈ ಎತ್ತುವುದು ತಪ್ಪುತ್ತದೆ. ಅದನ್ನು ಕಟ್ಟಿಕೊಳ್ಳುವವರು ತುರ್ತು ಬಾಗಿಲ ಸಾಲಿನ ಸೀಟು ಆರಿಸಬಾರದು, ಎಬ್ಬಿಸುತ್ತಾರೆ. ಓಡಾಡುವ ಹಾದಿಯ ಪಕ್ಕದ ಸೀಟೇ ಒಳ್ಳೆಯದು. ಹಲವು ವಿಮಾನಗಳಲ್ಲಿ ಅದರ ಹೊರಗಿನ ಕೈಯಾಸರೆಯೂ ಮೇಲೇಳುತ್ತದೆ, ಅಡಿಯಲ್ಲಿ ಒಂದು ಗುಂಡಿ ಇರುತ್ತದೆ.

ಸಾಮಾನ್ಯ ದರ್ಜೆಯ ಸೀಟು ಹೆಚ್ಚೂಕಡಿಮೆ 17ರಿಂದ 18 ಇಂಚು ಅಗಲ. ನಮ್ಮ ರಾಜ್ಯದಲ್ಲಿ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನೂರರಲ್ಲಿ ಸುಮಾರು 30 ಹೆಂಗಸರ ತೂಕ ಮಿತಿ ಮೀರಿದೆ. ಗಂಡಸರದೂ ಅಷ್ಟೇ. ಹಾಗಾದರೆ ಆ ಇಂಚುಗಳನ್ನು ಯಾರ ಸೊಂಟ ನೋಡಿ ಇಟ್ಟರು? ಪಕ್ಕದವನೂ ಪೂರ್ತಿ ದುಡ್ಡು ಕೊಟ್ಟಿದ್ದಾನೆ, ಅವನ ಸಿಟ್ಟು ಸುಳ್ಳಲ್ಲ. ಆದರೆ ಸೀಟು ಸಣ್ಣದು ಮಾಡಿದವರು ಆರಾಮಾಗಿದ್ದಾರೆ, ಮುಖ ತಿರುಗಿಸಿಕೊಂಡವರು ನಾವಿಬ್ಬರು.

ಕೆನಡಾದಲ್ಲಿ 2008ರಲ್ಲಿ ಸಾರಿಗೆ ಪ್ರಾಧಿಕಾರ ಒಂದು ಆದೇಶ ಹೊರಡಿಸಿತು: ದೇಶದೊಳಗಿನ ಹಾರಾಟದಲ್ಲಿ, ಬೊಜ್ಜಿನಿಂದ ಅಂಗವಿಕಲರೆನಿಸಿದವರಿಗೆ ಎರಡು ಸೀಟು ಬೇಕಾದರೂ ದರ ಒಂದೇ. ಕಂಪನಿಗಳು ಮೇಲ್ಮನವಿಗೆ ಹೋದರೂ ಅಲ್ಲಿನ ಸುಪ್ರೀಂ ಕೋರ್ಟ್ ವಿಚಾರಣೆಗೇ ಒಪ್ಪಲಿಲ್ಲ. ಸಮೋವಾ ಏರ್ 2013ರಲ್ಲಿ ಜನರನ್ನೇ ತಕ್ಕಡಿಗೆ ಹತ್ತಿಸಿ ಕಿಲೋ ಲೆಕ್ಕದಲ್ಲಿ ದುಡ್ಡು ಇಸಿದುಕೊಂಡಿತು. ಅಮೆರಿಕದ ಸೌತ್‌ವೆಸ್ಟ್ ವಿಮಾನ ಕಂಪನಿ 2026ರ ಜನವರಿಯಿಂದ, ಒಂದು ಸೀಟು ಸಾಲದವರು ಎರಡನೆಯದರ ಹಣ ಮೊದಲೇ ಕಟ್ಟಬೇಕು ಎಂದಿದೆ. ನನ್ನ ಮತ ಕೆನಡಾಕ್ಕೆ. ನಮ್ಮ ಬಸ್ಸಿನಲ್ಲೂ ಚೀಲಕ್ಕೆ ಲಗೇಜ್ ಚಾರ್ಜ್ ಇದೆ, ಮೈತೂಕಕ್ಕೆ ಇಲ್ಲ.

ಈಗ ವಿಮಾನದಲ್ಲಿ ಕೂರುವ ಮೊದಲೇ ‘ನನಗೆ ಜಾಗ ಸ್ವಲ್ಪ ಜಾಸ್ತಿ ಬೇಕು, ತ್ರಾಸಾದ್ರೆ ಹೇಳ್ರಿ’ ಅಂದುಬಿಡುತ್ತೇನೆ. ಹೆಚ್ಚಿನವರು ನಕ್ಕು ಕೈಯಾಸರೆ ಮೇಲೆತ್ತುತ್ತಾರೆ. ಖಾಲಿ ಸೀಟಿದ್ದರೆ ಗಗನಸಖಿಯೇ ಒಬ್ಬರನ್ನು ಬೇರೆಡೆ ಕೂರಿಸುತ್ತಾಳೆ. ಆದರೆ ಅದನ್ನು ಎಲ್ಲರೂ ಹತ್ತಿ ಬಾಗಿಲು ಹಾಕಿದ ಮೇಲೆ ಕೇಳಬೇಕು. ಮೊದಲೇ ಕೇಳಿದರೆ ‘ನೋಡೋಣ ಮೇಡಂ’ ಅನ್ನುತ್ತಾರೆ, ಆಮೇಲೆ ಮರೆಯುತ್ತಾರೆ.