ದಾಸೋಹದ ತುತ್ತು ಮತ್ತು ಮಗುವಿನ ಎತ್ತರ

ದಾಸೋಹವೆಂಬ ಶಬ್ದದ ಮೂಲ 'ದಾಸೋಽಹಂ' ಎಂಬುದು. 'ನಾನು ದಾಸನು' ಎಂದು ಅದರ ಅರ್ಥ. ಭಕ್ತರು ತಂದೊಪ್ಪಿಸಿದ ಜೋಳ, ಅಕ್ಕಿ, ಬೇಳೆಗಳಿಂದಲೇ ಉತ್ತರ ಕರ್ನಾಟಕದ ಮಠಗಳ ಪ್ರಸಾದನಿಲಯಗಳು ನಡೆದುಬಂದವು. 2002ರಲ್ಲಿ ಆರಂಭಗೊಂಡ ಶಾಲಾ ಬಿಸಿಯೂಟಕ್ಕೆ ಸರ್ಕಾರವು 'ಅಕ್ಷರ ದಾಸೋಹ'ವೆಂದು ಹೆಸರಿಟ್ಟುದು ಆ ಪರಂಪರೆಗೆ ಸಂದ ಮನ್ನಣೆಯೇ ಸರಿ.

ಆದರೆ ಶಾಲೆಯ ಪಂಕ್ತಿಗೆ ಬಂದು ಕುಳಿತ ಆರು ವರ್ಷದ ಬಾಲಕನ ಎತ್ತರದ ಲೆಕ್ಕವು ಬಹುಮಟ್ಟಿಗೆ ಅದಕ್ಕೂ ಮೊದಲೇ ಮುಗಿದಿರುತ್ತದೆ. ವಯಸ್ಸಿಗೆ ತಕ್ಕ ಎತ್ತರವಿಲ್ಲದಿರುವ ಕುಂಠಿತ ಬೆಳವಣಿಗೆಯು ತಾಯಿಯ ಗರ್ಭದಲ್ಲಿಯೇ ಮೊದಲಾಗಿ ಎರಡನೆಯ ವರ್ಷದೊಳಗೆ ಬೇರೂರುತ್ತದೆ. 'ಅಪ್ಪನೂ ಗಿಡ್ಡ, ಮಗನೂ ಗಿಡ್ಡ' ಎಂದು ಮನೆಯವರು ಸಮಾಧಾನಪಟ್ಟುಕೊಳ್ಳುವುದುಂಟು. ಅಪ್ಪನೂ ಬಾಲ್ಯದಲ್ಲಿ ಅರೆಹೊಟ್ಟೆಯಲ್ಲಿ ಬೆಳೆದವನಿರಬಹುದೆಂಬುದು ಅವರಿಗೆ ಹೊಳೆಯುವುದಿಲ್ಲ. ಕರ್ನಾಟಕದಲ್ಲಿ ಐದು ವರ್ಷದೊಳಗಿನ ಇಂತಹ ಮಕ್ಕಳ ಪ್ರಮಾಣವು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಮೇರೆಗೆ 2015-16ರಲ್ಲಿ ಶೇ. 36.2 ಇದ್ದುದು 2019-21ರಲ್ಲಿ ಶೇ. 35.4ಕ್ಕೆ ಮಾತ್ರ ಇಳಿಯಿತು.

ಆದುದರಿಂದ ದಾನಿಗಳ ದೃಷ್ಟಿಯು ಶಾಲೆಯಿಂದ ತೊಟ್ಟಿಲಿನ ಕಡೆಗೆ ಹೊರಳಬೇಕಾಗಿದೆ. ಶಿಗ್ಗಾಂವಿ ತಾಲೂಕಿನ ದುಂಡಸಿಯಂತಹ ಊರಿನಲ್ಲಿ ಹಿರಿಯರ ಪುಣ್ಯತಿಥಿಯಂದು ಶಾಲಾಮಕ್ಕಳಿಗೆ ಸಿಹಿಯೂಟ ಮಾಡಿಸುವವರಿದ್ದಲ್ಲಿ, ಅದೇ ಹಣದಿಂದ ಬಡ ಬಸುರಿ-ಬಾಣಂತಿಯರಿಗೆ ಹಲವು ದಿನಗಳ ಹೆಸರುಕಾಳು, ಶೇಂಗಾ, ಹಾಲು ಒದಗಿಸಬಹುದು. 2017ರಲ್ಲಿ ಬಂದ ಮಾತೃಪೂರ್ಣ ಯೋಜನೆಯು ಅಂಗನವಾಡಿಯಲ್ಲಿ ಅವರಿಗೆ ಮಧ್ಯಾಹ್ನದ ಊಟವನ್ನು ಕಲ್ಪಿಸಿತು. ಹಗಲೆಲ್ಲ ಹೊಲದಲ್ಲಿ ದುಡಿಯುವವಳು ಅಲ್ಲಿಗೆ ಹೋಗಿ ಉಣ್ಣುವುದೆಂತು? ಸರ್ಕಾರದ ಕೈ ಮುಟ್ಟದ ಇಂತಹ ಎಡೆಯಲ್ಲಿಯೇ ಊರಿನವರ ಕೆಲಸವಿದೆ.

ಕೂಸಿನ ಉಣಿಸಿನ ವಿಷಯದಲ್ಲಿ ಒಂದು ಮಾತನ್ನು ವಿಶೇಷವಾಗಿ ಹೇಳಬೇಕು. ಮೊದಲ ಆರು ತಿಂಗಳು ತಾಯಿಯ ಹಾಲೊಂದೇ ಸಾಕು. ಅನಂತರ ನೀರಾದ ಅಂಬಲಿಯನ್ನು ಕುಡಿಸಿದರೆ ಅಂಗೈಯಗಲದ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಹುರಿದ ಹೆಸರು, ಅಕ್ಕಿ, ಶೇಂಗಾಗಳ ನುಣುಪಾದ ಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ, ತುಪ್ಪವನ್ನೋ ಎಣ್ಣೆಯನ್ನೋ ಬೆರೆಸಿ, ದಿನಕ್ಕೆ ಹಲವು ಬಾರಿ ಉಣಿಸಬೇಕು, ತಾಯಿಹಾಲನ್ನು ಬಿಡಿಸಲಾಗದು. ಮೊಟ್ಟೆ ತಿನ್ನುವ ಮನೆಯವರು ಅದನ್ನು ಕೊಡಲಿ. ತಿನ್ನದವರ ಮನೆಯಲ್ಲಿ ಹಾಲು, ಮೊಸರು, ಬೇಳೆಗಳು ಹೆಚ್ಚಲಿ. ಕೈ ತೊಳೆಯದೆ, ಕೊಳೆನೀರಿನಿಂದ ಉಣಿಸಿದಲ್ಲಿ ಪದೇಪದೇ ಭೇದಿಯಾಗಿ ಉಂಡುದೆಲ್ಲ ವ್ಯರ್ಥವಾಗುತ್ತದೆ.

ಕೊಟ್ಟ ಧಾನ್ಯದ ಲೆಕ್ಕ ಚೀಲದಲ್ಲಲ್ಲ, ಮಗುವಿನ ಉದ್ದದಲ್ಲಿ ದೊರೆಯತಕ್ಕದ್ದು. ಎರಡು ವರ್ಷದೊಳಗಿನ ಕೂಸನ್ನು ಮಲಗಿಸಿ, ದೊಡ್ಡ ಮಗುವನ್ನು ನಿಲ್ಲಿಸಿ ಅಳೆಯಬೇಕು. ಅಂಗನವಾಡಿ ಕಾರ್ಯಕರ್ತೆಯು ಬರೆದಿಟ್ಟ ಆ ಅಳತೆಯನ್ನು, ಮಕ್ಕಳ ಹೆಸರು ಹೇಳದೆ, ದಾನಿಗಳ ಸಭೆಯಲ್ಲಿ ಜಮಾಖರ್ಚಿನೊಡನೆಯೇ ಓದಿಸಬಹುದು.